ಮೊದಲು ಯಾರನ್ನು ಕೇಳಬೇಕು? ಹಿಂದೂಸ್ತಾನಿ ಸಂಗೀತಕ್ಕೆ ಹೊಸಬರಿಗೊಂದು ಹೋಲಿಕೆ

ನಮ್ಮಕ್ಕನ ಮಗಳು ಒಂದಿನ ಫೋನ್ ಮಾಡಿದಳು. "ಮಾಮಾ, ಶಾಸ್ತ್ರೀಯ ಸಂಗೀತ ಕೇಳೋಣ ಅನ್ನಿಸ್ತಿದೆ. ಒಂದೈದು ಹೆಸರು ಕಳಿಸು, ಸಾಕು." ನಾನು ಖುಷಿಯಲ್ಲಿ ಐದಲ್ಲ, ಹದಿನೈದು ಕಳಿಸಿದೆ. ವಾರ ಕಳೆದ ಮೇಲೆ ಉತ್ತರ ಬಂತು. "ಮೊದಲನೇದರಲ್ಲಿ ನಿದ್ದೆ ಬಂತು. ಎರಡನೇದು ಸಿತಾರ್, ತಬಲಾ ಶುರುವಾಗೋ ಹೊತ್ತಿಗೆ ನನ್ನ ಮೆಟ್ರೋ ಸ್ಟೇಷನ್ ಬಂತು. ಮೂರನೇದು ಕೆಟ್ಟ ರೇಡಿಯೋ ಥರ ಕೊರಕೊರ ಅಂತಿತ್ತು. ಉಳಿದದ್ದು ಇನ್ನೂ ಕೇಳಿಲ್ಲ."

ತಪ್ಪು ಅವಳದಲ್ಲ. ಅವಳು ಎಲ್ಲಿ ಕೂತು ಕೇಳುತ್ತಾಳೆ, ಎಷ್ಟು ಹೊತ್ತು ಕೇಳುತ್ತಾಳೆ ಅಂತ ನಾನು ಕೇಳಲೇ ಇಲ್ಲ. ನನಗೆ ಇಷ್ಟವಾದದ್ದನ್ನು ಅವಳ ತಲೆಗೆ ಕಟ್ಟಿದೆ, ಅಷ್ಟೇ. ನನಗೂ ಹಿಂದೆ ಹೀಗೇ ಆಗಿತ್ತು. ಕಾಲೇಜಿನಲ್ಲಿದ್ದಾಗ ಅಪ್ಪನ ಸ್ನೇಹಿತರೊಬ್ಬರು ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನ್ ಅವರ ಮಾರ್ವಾ ರಾಗದ ಕ್ಯಾಸೆಟ್ ಕೊಟ್ಟು, "ಇದಕ್ಕಿಂತ ದೊಡ್ಡದಿಲ್ಲ" ಅಂದಿದ್ದರು. ಐದು ನಿಮಿಷ ಕೇಳಿದೆ. ಟೇಪ್ ರೆಕಾರ್ಡರಿನ ಸೆಲ್ ವೀಕ್ ಆಗಿದೆ, ಅದಕ್ಕೇ ಇಷ್ಟು ನಿಧಾನ ಓಡುತ್ತಿದೆ ಅಂದುಕೊಂಡು ಹೊಸ ಸೆಲ್ ಹಾಕಿದೆ. ಆಮೇಲೂ ಅಷ್ಟೇ ನಿಧಾನ! ಆ ಕ್ಯಾಸೆಟ್ಟನ್ನು ಮತ್ತೆ ಮುಟ್ಟಿದ್ದು ಎಂಟು ವರ್ಷದ ಮೇಲೆ.

ಹಾಗಾಗಿ ಈ ಸಲ ಉಲ್ಟಾ ದಾರಿ ಹಿಡಿದಿದ್ದೇನೆ. ಮೊದಲು ನಿಮ್ಮನ್ನು ಕೆಲವು ಪ್ರಶ್ನೆ ಕೇಳುತ್ತೇನೆ, ಹೆಸರುಗಳು ಆಮೇಲೆ.

ಆರಿಸುವ ಮುಂಚೆ

ಮೊದಲನೆಯದು ಸಮಯ. ನಡುವೆ ಯಾರೂ ಕರೆಯದೆ, ಫೋನ್ ನೋಡದೆ ನಿಮಗೆ ಒಟ್ಟಿಗೆ ಎಷ್ಟು ಹೊತ್ತು ಸಿಗುತ್ತದೆ? ಮೂರು ನಿಮಿಷವೋ, ಇಪ್ಪತ್ತೋ, ಒಂದು ಗಂಟೆಯೋ? ಪ್ರಾಮಾಣಿಕವಾಗಿ ಹೇಳಿ. ಭಾನುವಾರ ಪೂರ್ತಿ ಖಾಲಿ ಅಂತ ಹೇಳಬೇಡಿ, ಯಾರ ಭಾನುವಾರವೂ ಖಾಲಿ ಇರಲ್ಲ.

ಎರಡನೆಯದು ಮಾತು. ಹಾಡಿನ ಅರ್ಥ ಗೊತ್ತಾಗದಿದ್ದರೆ ನಿಮಗೆ ಕಿರಿಕಿರಿಯಾಗುತ್ತದಾ? ಖಯಾಲ್ ಅಂದರೆ ಹಿಂದೂಸ್ತಾನಿಯ ಮುಖ್ಯ ಗಾಯನ ಪ್ರಕಾರ. ಅದರ ಸಾಹಿತ್ಯ ಹೆಚ್ಚಾಗಿ ಬ್ರಜ್ ಭಾಷೆಯದು. ಎರಡೇ ಎರಡು ಸಾಲು ಇರುತ್ತದೆ, ಅದನ್ನೇ ಅರ್ಧ ಗಂಟೆ ಹಿಗ್ಗಿಸುತ್ತಾರೆ. ಹಿಂದಿ ಬಲ್ಲವರಿಗೂ ಪೂರ್ತಿ ಕೇಳಿಸುವುದಿಲ್ಲ. ಕೆಲವರಿಗೆ ಅದು ಏನೂ ಅನ್ನಿಸಲ್ಲ. ಕೆಲವರಿಗೆ ಅದೇ ದೊಡ್ಡ ಗೋಡೆ.

ಮೂರನೆಯದು ಲಯ. ಕಾಲು ತಾನಾಗಿ ತಾಳ ಹಾಕಬೇಕು ಅನ್ನುವವರು ನೀವಾದರೆ ವಿಲಂಬಿತ್, ಅಂದರೆ ತುಂಬ ನಿಧಾನದ ಲಯ, ನಿಮ್ಮನ್ನು ಕಾಡುತ್ತದೆ. ಏಕತಾಳದಲ್ಲಿ 12 ಮಾತ್ರೆ, ಅಂದರೆ 12 ಎಣಿಕೆ. ವಿಲಂಬಿತ್‌ನಲ್ಲಿ ಆ ಹನ್ನೆರಡು ಮುಗಿದು ಮತ್ತೆ ಸಮ್‌ಗೆ, ಅಂದರೆ ತಾಳದ ಮೊದಲ ಎಣಿಕೆಗೆ, ಬರೋಕೆ ಮುಕ್ಕಾಲು ನಿಮಿಷ, ಒಂದೊಂದು ಸಲ ಒಂದು ನಿಮಿಷವೇ ಹಿಡಿಯುತ್ತದೆ. ಅಷ್ಟು ದೂರದ ತಾಳವನ್ನು ಹೊಸ ಕಿವಿ ತಾಳ ಅಂತ ಗುರುತಿಸುವುದೇ ಇಲ್ಲ.

ನಾಲ್ಕನೆಯದು ಸದ್ದು. ಹಳೇ ರೆಕಾರ್ಡಿನ ಕೊರಕೊರ ತಡೆದುಕೊಳ್ಳುತ್ತೀರಾ? ಕೇಳುವುದು ಫೋನಿನ ಪುಟ್ಟ ಸ್ಪೀಕರಿನಲ್ಲೋ, ಇಯರ್‌ಫೋನಿನಲ್ಲೋ? ಐದನೆಯದು ದುಡ್ಡು. ಇದು ಎಲ್ಲಕ್ಕಿಂತ ಕಮ್ಮಿ ಮುಖ್ಯ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಬೇಕಂತಲೇ ಒಂದನ್ನು ಬಿಟ್ಟಿದ್ದೇನೆ. "ಯಾರು ಅತಿ ದೊಡ್ಡ ಗಾಯಕ?" ಆ ಪ್ರಶ್ನೆ ಧಾರವಾಡದ ಚಹಾದಂಗಡಿಯಲ್ಲಿ ಕೂತು ಜಗಳ ಆಡೋಕೆ ಚೆನ್ನ. ಮೊದಲ ಸಲ ಕೇಳುವವರಿಗೆ ಅದರಿಂದ ಉಪಯೋಗ ಇಲ್ಲ.

ಕರ್ನಾಟಕ ಸಂಗೀತವಾ, ಹಿಂದೂಸ್ತಾನಿಯಾ?

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ತುಂಗಭದ್ರೆಯ ಆಚೆ ಈಚೆ ಅಂತ ಭಾಗ ಮಾಡಿಬಿಡುವವರೂ ಇದ್ದಾರೆ. ನಾನು ಹುಬ್ಬಳ್ಳಿ ಕಡೆಯವನು, ಬೆಂಗಳೂರಲ್ಲಿ ಇದ್ದೇನೆ. ನನ್ನ ಕಿವಿ ಬೆಳೆದದ್ದು ಹಿಂದೂಸ್ತಾನಿಯಲ್ಲಿ, ಆದ್ದರಿಂದ ಈ ಬರಹವೂ ಜಾಸ್ತಿ ಆ ಕಡೆಗೇ ವಾಲುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಸಮಯ ಕಮ್ಮಿ, ಮಾತು ಬೇಕು, ತಾಳ ಬೇಗ ಸಿಗಬೇಕು ಅನ್ನುವವರಿಗೆ ಕರ್ನಾಟಕ ಸಂಗೀತ ಸುಲಭ. ಒಂದು ಕೃತಿ ಎಂಟು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಪಲ್ಲವಿ, ಅನುಪಲ್ಲವಿ, ಚರಣ ಅಂತ ಮೆಟ್ಟಿಲು ಕಾಣುತ್ತದೆ. ಮೃದಂಗ ಮೊದಲ ಸಾಲಿನಿಂದಲೇ ಜೊತೆಗಿರುತ್ತದೆ.

ಅಲ್ಲಿಂದ ಶುರು ಮಾಡುವುದಾದರೆ ಎಂ.ಎಲ್. ವಸಂತಕುಮಾರಿ ಹಾಡಿದ ದಾಸರ ಪದಗಳು ಒಳ್ಳೆಯದು. 'ಬಾರೋ ಕೃಷ್ಣಯ್ಯ' ಒಂದೇ ಸಾಕು, ರಾಗಮಾಲಿಕೆ ಅಂದರೆ ಏನು ಅಂತ ಪಾಠವಿಲ್ಲದೆ ತಿಳಿಯುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ 'ಜಗದೋದ್ಧಾರನ' ಎಲ್ಲರ ಮನೆಯಲ್ಲೂ ಇರುವಂಥದ್ದು. ಮಾತು ಬೇಡ ಅನ್ನುವವರಿಗೆ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ. ಅದು ಮೈಸೂರಿನ ಬಾನಿ, ಅಂದರೆ ಶೈಲಿ, ಎಲ್ಲೂ ಅವಸರ ಇಲ್ಲ. ಮನೆಯ ಹುಡುಗರಿಗೆ ಕೇಳಿಸಬೇಕು ಅಂದರೆ ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಹಾಕಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮರುಳಾದವರು ಅವರು. ನಾದಸ್ವರದ ಮನೆಯಿಂದ ಬಂದು ಸ್ವರವನ್ನು ತೂಗಿ ಜಾರಿಸುವ ಗಮಕವನ್ನು ಅದರಲ್ಲಿ ನುಡಿಸಿದರು.

ಈಗಾಗಲೇ ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಉತ್ತರದ ಸಂಗೀತಕ್ಕೆ ಒಂದು ಒಳದಾರಿ ಇದೆ. 'ವಾತಾಪಿ ಗಣಪತಿಂ' ಕೇಳದವರು ಯಾರು? ಅದು ಹಂಸಧ್ವನಿ. ಅದೇ ರಾಗವನ್ನು ಅಮೀರ್ ಖಾನ್ ಹಾಡಿದ್ದಾರೆ, ಕಿಶೋರಿ ಅಮೋನ್ಕರ್ ಹಾಡಿದ್ದಾರೆ. ಕಿವಿಗೆ ಗೊತ್ತಿರುವ ಸ್ವರಗಳೇ, ನಡಿಗೆ ಮಾತ್ರ ಬೇರೆ. ನಿಮ್ಮ ಮೋಹನ ಅಲ್ಲಿ ಭೂಪ್ ಆಗಿರುತ್ತದೆ, ಹಿಂದೋಳ ಮಾಲಕೌಂಸ್ ಆಗಿರುತ್ತದೆ. ಇಂಥವರು ಮುಂದಿನ ಮೂರು ಭಾಗ ಬಿಟ್ಟು ಸೀದಾ 'ಇಪ್ಪತ್ತು ನಿಮಿಷದ ಖಯಾಲ್' ಭಾಗಕ್ಕೆ ಹೋಗಬಹುದು.

ಕನ್ನಡದ ಮಾತು, ಹಿಂದೂಸ್ತಾನಿ ಕಂಠ

ಮಾತು ಬೇಕೇ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಇಂಥದ್ದೊಂದು ಭಾಗ್ಯ ಕನ್ನಡಿಗರಿಗಿದೆ. ಭೀಮಸೇನ ಜೋಶಿಯವರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ನೀವು ನೂರು ಸಲ ಕೇಳಿರುತ್ತೀರಿ, ಮದುವೆ ಮನೆಯಲ್ಲಿ, ಹಬ್ಬದ ದಿನ ಹಿಂದೆಲ್ಲೋ ಓಡುತ್ತಿರುತ್ತದೆ. ಒಂದು ಸಲ ಸುಮ್ನೆ ಕೂತು ಕೇಳಿ. 'ಬಾರಮ್ಮ' ಅನ್ನುವ ಒಂದೇ ಪದವನ್ನು ಎಷ್ಟು ಬಗೆಯಲ್ಲಿ ಕರೆಯುತ್ತಾರೆ ಅಂತ ಎಣಿಸಿ. ಖಯಾಲಿನಲ್ಲಿ ಅರ್ಧ ಗಂಟೆ ಮಾಡುವ ಕೆಲಸವೂ ಅದೇ. ಒಂದು ಮಾತು ಹಿಡಿದು ಅದರ ಸುತ್ತ ತಿರುಗುವುದು.

ಮಲ್ಲಿಕಾರ್ಜುನ ಮನಸೂರರ 'ಅಕ್ಕ ಕೇಳವ್ವಾ' ಇದಕ್ಕಿಂತ ಒಂದು ಹೆಜ್ಜೆ ಆಚೆಗಿದೆ. ಅಕ್ಕಮಹಾದೇವಿಯ ವಚನ, ಕನಸು ಕಂಡವಳೊಬ್ಬಳು ಇನ್ನೊಬ್ಬಳಿಗೆ ಹೇಳುವ ಮಾತು. ಮನಸೂರರು ಅದನ್ನು ಹಾಡುವಾಗ ಅಜ್ಜನೊಬ್ಬ ಕಟ್ಟೆಯ ಮೇಲೆ ಕೂತು ತನ್ನಷ್ಟಕ್ಕೆ ಹೇಳಿಕೊಂಡ ಹಾಗಿರುತ್ತದೆ. ಈಗ ನಮ್ಮೆದುರು ಇರುವವರಲ್ಲಿ ವೆಂಕಟೇಶ ಕುಮಾರರ 'ತೊರೆದು ಜೀವಿಸಬಹುದೆ' ಕೇಳಿ. ಕನಕದಾಸರ ಪದ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಕಲಿತ ಗಂಟಲು ಅದು, ದೊಡ್ಡದು, ತೆರೆದದ್ದು. ರೆಕಾರ್ಡಿಂಗೂ ಇತ್ತೀಚಿನದು, ಸದ್ದು ಸ್ವಚ್ಛ. ಇನ್ನೂ ಸುಲಭದ್ದು ಬೇಕಾ? 1966ರ 'ಸಂಧ್ಯಾರಾಗ' ಚಿತ್ರಕ್ಕೆ ಭೀಮಸೇನರು ಹಾಡಿದ 'ನಂಬಿದೆ ನಿನ್ನ ನಾದ ದೇವತೆಯೇ' ಇದೆ.

ಇದರ ತೊಂದರೆಯನ್ನೂ ಹೇಳಬೇಕು. ಮಾತು ಗೊತ್ತಿದ್ದರೆ ಕಿವಿ ಮಾತಿನ ಹಿಂದೆಯೇ ಹೋಗುತ್ತದೆ, ಸ್ವರದ ಹಿಂದೆ ಹೋಗುವುದಿಲ್ಲ. ಹತ್ತು ವರ್ಷ ದಾಸವಾಣಿ ಕೇಳಿಯೂ ಖಯಾಲಿಗೆ ದಾಟದ ಜನ ನನಗೆ ಗೊತ್ತು. ಅವರಿಗೆ ನಷ್ಟವೇನೂ ಆಗಿಲ್ಲ ಅನ್ನಿ. ಆದರೆ ನಿಮಗೆ ರಾಗ ಹಿಡಿಯುವ ಆಸೆ ಇದ್ದರೆ ಇಲ್ಲೇ ಮನೆ ಕಟ್ಟಬೇಡಿ.

ಮೂರು ನಿಮಿಷದ ತಟ್ಟೆ

78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ಮೂರೂವರೆ ನಿಮಿಷ. ಗಂಟೆಗಟ್ಟಲೆ ಹಾಡುತ್ತಿದ್ದವರು ಅಷ್ಟರಲ್ಲೇ ಎಲ್ಲ ಹೇಳಬೇಕಿತ್ತು. ಹಾಗಾಗಿ ಅವುಗಳಲ್ಲಿ ಒಂದು ಸ್ವರವೂ ದಂಡವಿಲ್ಲ. ಅಬ್ದುಲ್ ಕರೀಂ ಖಾನ್ ಅವರ 'ಪಿಯಾ ಬಿನ್ ನಹೀ ಆವತ ಚೈನ್' ಕೇಳಿ. ಜಿಂಝೋಟಿ ರಾಗದ ಠುಮ್ರಿ, ಅಂದರೆ ಖಯಾಲಿಗಿಂತ ಹಗುರಾದ, ಭಾವದ ಹಾಡು. ಗದಗಿನಲ್ಲಿ ಒಬ್ಬ ಹುಡುಗ ಈ ತಟ್ಟೆ ಕೇಳಿ, ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಅವನೇ ಮುಂದೆ ಭೀಮಸೇನ ಜೋಶಿ ಆದದ್ದು. ಅವನಿಗೆ ಕೊನೆಗೆ ಸಿಕ್ಕ ಗುರು ಕುಂದಗೋಳದ ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯ. ಊರು ಸುತ್ತಿ ಬಂದರೂ ಗುರು ಮನೆ ಹತ್ತಿರವೇ ಇದ್ದರು.

ಕರೀಂ ಖಾನರು ಮೈಸೂರು ಆಸ್ಥಾನಕ್ಕೂ ಬಂದುಹೋದವರು. ತ್ಯಾಗರಾಜರ ಖರಹರಪ್ರಿಯ ಕೃತಿಯನ್ನೂ ತಟ್ಟೆಗೆ ಹಾಡಿದ್ದಾರೆ. ದಕ್ಷಿಣದವರಿಗೆ ಇದು ಮೋಜಿನ ಸಂಗತಿ. ನಮ್ಮ ಮನೆಯ ಅಡುಗೆಯನ್ನು ಪಕ್ಕದ ಮನೆಯವರು ಮಾಡಿ ತಂದ ಹಾಗೆ.

ಸಮಯ ಇಲ್ಲದವರಿಗೆ ಇದು ಸರಿ. ಸದ್ದಿನ ವಿಷಯದಲ್ಲಿ ಮಾತ್ರ ಎಲ್ಲಕ್ಕಿಂತ ಕೆಳಗೆ. ಕೊರಕೊರ ಇದ್ದೇ ಇರುತ್ತದೆ, ತಬಲಾ ಯಾವುದೋ ಪಕ್ಕದ ಕೋಣೆಯಲ್ಲಿ ಬಾರಿಸಿದ ಹಾಗೆ ಕೇಳುತ್ತದೆ. ಅಕ್ಕನ ಮಗಳಿಗೆ ನಾನು ಕಳಿಸಿದ ಮೂರನೆಯದು ಇದೇ. ಹೊಸಬರು ಇದರಿಂದ ಶುರು ಮಾಡಬಾರದು ಅಂತ ಈಗ ನನಗನ್ನಿಸುತ್ತದೆ. ಎರಡನೆಯ ತಿಂಗಳಿಗೆ ಇಟ್ಟುಕೊಳ್ಳಿ.

ಮಾತೇ ಬೇಡ ಅನ್ನುವವರಿಗೆ

ವಾದ್ಯ ಸಂಗೀತದಲ್ಲಿ ಭಾಷೆಯ ಗೋಡೆ ಇಲ್ಲ. 1967ರಲ್ಲಿ ಎಚ್‌ಎಂವಿ ತಂದ 'ಕಾಲ್ ಆಫ್ ದ ವ್ಯಾಲಿ' ಇದರಲ್ಲಿ ಎಲ್ಲರೂ ಹೇಳುವ ಹೆಸರು. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಕುರುಬನೊಬ್ಬನ ಒಂದು ದಿನ, ಬೆಳಗಿನ ಅಹಿರ್ ಭೈರವದಿಂದ ಶುರುವಾಗಿ ಪಹಾಡಿಯವರೆಗೆ. ಒಟ್ಟು ಸುಮಾರು 40 ನಿಮಿಷ, ತುಂಡುಗಳು ಚಿಕ್ಕವು, ರೆಕಾರ್ಡಿಂಗ್ ಚೆನ್ನಾಗಿದೆ. ಮೆಟ್ರೋದಲ್ಲೂ ಕೇಳಬಹುದು, ಅಡುಗೆಮನೆಯಲ್ಲೂ ಕೇಳಬಹುದು. ಪಂಡಿತರು ಮೂಗು ಮುರಿದರೆ ಮುರಿಯಲಿ.

ಆದರೆ ಅದು ಹಿನ್ನೆಲೆಗೆ ಸರಿದುಹೋಗುವಷ್ಟು ಹಿತವಾಗಿದೆ. ಈ ಹಿತವೇ ಅದರ ಅಪಾಯ. ಕೇಳುತ್ತಾ ಕೇಳುತ್ತಾ ಕೇಳುವುದನ್ನೇ ಮರೆತುಬಿಡುತ್ತೀರಿ. ನಿಜವಾಗಿ ಕೂತು ಕೇಳಬೇಕು ಅಂದರೆ ನಿಖಿಲ್ ಬ್ಯಾನರ್ಜಿ ಅವರ ಸಿತಾರ್. ಅವರು ಆಲಾಪಕ್ಕೆ ಹೊತ್ತು ತೆಗೆದುಕೊಳ್ಳುತ್ತಾರೆ. ತಬಲಾ ಬರುವುದು ಇಪ್ಪತ್ತು ಮೂವತ್ತು ನಿಮಿಷದ ಮೇಲೆ, ಅಷ್ಟು ಹೊತ್ತು ತಾಳವಿಲ್ಲದ ಆಲಾಪ. ಲಯ ಮುಖ್ಯ ಅನ್ನುವವರಿಗೆ ಇದು ಶಿಕ್ಷೆ. ರಾತ್ರಿ ಹತ್ತರ ಮೇಲೆ ದೀಪ ಆರಿಸಿ ಕೂರುವವರಿಗೆ ಇದರಷ್ಟು ಒಳ್ಳೆಯದು ಕಡಿಮೆ.

ನಡುವೆ ಒಂದು ದಾರಿ ಬೇಕಿದ್ದರೆ ನಮ್ಮವರೇ ಆದ ರಾಜೀವ ತಾರಾನಾಥರ ಸರೋದ್ ಇದೆ. ಇಂಗ್ಲಿಷ್ ಮೇಷ್ಟ್ರು, ಅಲಿ ಅಕ್ಬರ್ ಖಾನರ ಶಿಷ್ಯ, 2024ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಅವರು ಕನ್ನಡದಲ್ಲಿ ಸಂಗೀತದ ಬಗ್ಗೆ ಮಾತಾಡಿರುವ ವಿಡಿಯೋಗಳೂ ಸಿಗುತ್ತವೆ. ಮೊದಲು ಮಾತು ಕೇಳಿ, ಆಮೇಲೆ ಸರೋದ್ ಕೇಳಿದರೆ ಆ ಮನುಷ್ಯ ಏನು ಹುಡುಕುತ್ತಿದ್ದರು ಅಂತ ಅಂದಾಜು ಸಿಗುತ್ತದೆ.

ಇಪ್ಪತ್ತು ನಿಮಿಷದ ಖಯಾಲ್

ನನ್ನ ಲೆಕ್ಕದಲ್ಲಿ ಹೆಚ್ಚು ಜನರಿಗೆ ಹೊಂದುವ ಅಳತೆ ಇದು. ಎಲ್.ಪಿ., ಅಂದರೆ ಹೆಚ್ಚು ಹೊತ್ತು ಓಡುವ ತಟ್ಟೆ, ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ, ಸ್ವಲ್ಪ ಹೆಚ್ಚೇ ಸಿಕ್ಕಿತು. ರಾಗ ಬಿಚ್ಚಿಕೊಳ್ಳೋಕೆ ಸಾಕು, ಬೇಜಾರಾಗೋಕೆ ಸಾಲದು. ಸ್ಟುಡಿಯೋ ಸದ್ದು, ತಂಬೂರಿ ಸ್ಪಷ್ಟ. ಮೊದಲು ವಿಲಂಬಿತ್, ಆಮೇಲೆ ವೇಗದ ಲಯದ ದೃತ್, ಕೊನೆಗೆ ತಾನ್‌ಗಳು, ಅಂದರೆ ವೇಗದ ಸ್ವರಗಳ ಓಟ. ಒಂದು ಊಟದ ಹಾಗೆ ಕ್ರಮ ಇರುತ್ತದೆ.

ಇದರಲ್ಲೂ ಆರಿಸಬೇಕಲ್ಲ. ಭೀಮಸೇನರ ಪೂರಿಯಾ ಧನಾಶ್ರೀ ಸಂಜೆಯ ರಾಗ. ಆಫೀಸಿನಿಂದ ಬಂದು ಚಪ್ಪಲಿ ಬಿಟ್ಟು ಕೂತಾಗ ಹಾಕಿ. ಪಂತುವರಾಳಿ ಗೊತ್ತಿರುವವರಿಗೆ ಸ್ವರಗಳು ಅದೇ. ಅವರು ಕಿರಾನಾ ಘರಾಣೆಯವರು, ಘರಾಣೆ ಅಂದರೆ ಗುರುಶಿಷ್ಯರ ಮೂಲಕ ಬಂದ ಹಾಡುವ ಶೈಲಿ. ಒಂದೊಂದು ಸ್ವರದ ಹತ್ತಿರ ನಿಂತು, ಅದನ್ನು ಪೂರ್ತಿ ತುಂಬಿಸಿ ಮುಂದೆ ಹೋಗುತ್ತಾರೆ. 'ಪಾಯಲಿಯಾ ಝಂಕಾರ್' ದೃತ್‌ಗೆ ಬಂದಾಗ ಆ ಗಂಟಲಿನ ಬಲ ಗೊತ್ತಾಗುತ್ತದೆ. ಮೊದಲ ಸಲ ಕೇಳುವವರಿಗೆ ಎಲ್ಲಿಯೂ ದಾರಿ ತಪ್ಪುವುದಿಲ್ಲ. ಅತೃಪ್ತಿ ಇದ್ದರೆ ಒಂದೇ, ಕೆಲವರಿಗೆ ಆ ಅಬ್ಬರ ಜಾಸ್ತಿ ಅನ್ನಿಸಬಹುದು.

ಹಾಗೆ ಅನ್ನಿಸಿದರೆ ಕಿಶೋರಿ ಅಮೋನ್ಕರ್ ಅವರ ಭೂಪ್. ಐದೇ ಸ್ವರ, ನಮ್ಮ ಮೋಹನ. 'ಸಹೇಲಾ ರೇ' ಅಂತ ದೃತ್ ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ಹಾಡು, ಇದೆ. ಗೆಳೆಯಾ ಬಾ, ಸೇರಿ ಹಾಡೋಣ ಅಂತ ಕರೆಯುವುದು. ಅರ್ಥ ಇಷ್ಟೇ, ಇಷ್ಟು ಗೊತ್ತಿದ್ದರೆ ಸಾಕು. ಒಂದೇ ಒಂದು ರೆಕಾರ್ಡಿಂಗ್ ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ. ಸಣ್ಣ ರಾಗ, ಸುಲಭದ ಲಯ, ಒಳ್ಳೆಯ ಸದ್ದು, ಮಾತೂ ಎರಡೇ ಸಾಲು. ನಾಲ್ಕು ಪ್ರಶ್ನೆಗೂ ಇದು ಉತ್ತರ ಕೊಡುತ್ತದೆ. ಎರಡನೇ ಸಲ ಕೇಳುವಾಗ ನೀವೇ ಗುನುಗುತ್ತೀರಿ, ನೋಡುತ್ತಿರಿ.

ಗಂಗೂಬಾಯಿ ಹಾನಗಲ್ ಬೇರೆಯೇ ಅನುಭವ. ಗಂಟಲಿನ ಚಿಕಿತ್ಸೆ ಆದ ಮೇಲೆ ಅವರ ಧ್ವನಿ ಕೆಳಗಿಳಿಯಿತು, ದಪ್ಪವಾಯಿತು. ಹಳೆಯ ತಟ್ಟೆಗಳಲ್ಲಿ ಕೇಳುವ ತೆಳು ದನಿಗೂ ಆಮೇಲಿನದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಹೆಂಗಸಿನ ದನಿ ಅಂದರೆ ಸಪೂರ, ಸಿಹಿ ಅಂದುಕೊಂಡವರಿಗೆ ಮೊದಲ ನಿಮಿಷ ಬೆಚ್ಚಿಬೀಳುವ ಹಾಗಾಗುತ್ತದೆ. ನನ್ನ ಹೆಂಡತಿ ಮೊದಲ ಸಲ "ಯಾರಿದು, ಭೀಮಸೇನರಾ?" ಅಂದಿದ್ದಳು. ಈಗ ಮನೆಯಲ್ಲಿ ಗಂಗಜ್ಜಿ ಹಾಡೋಕೆ ಶುರು ಮಾಡಿದರೆ ಮಿಕ್ಸಿ ನಿಲ್ಲಿಸುತ್ತಾಳೆ. ಒಂದು ಎಚ್ಚರಿಕೆ, ಆ ಮಂದ್ರ ಸ್ವರಗಳು ಫೋನಿನ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ.

ಇನ್ನು ನನ್ನ ಹಳೇ ಶತ್ರು, ಅಮೀರ್ ಖಾನರ ಮಾರ್ವಾ. 14 ಮಾತ್ರೆಯ ಝೂಮ್ರಾ ತಾಳ, ಅತಿ ವಿಲಂಬಿತ್. ರಾಗದಲ್ಲಿ ಷಡ್ಜವನ್ನೇ, ಅಂದರೆ ಆಧಾರದ 'ಸ' ಸ್ವರವನ್ನೇ, ತಪ್ಪಿಸಿ ತಪ್ಪಿಸಿ ಓಡಾಡುತ್ತಾರೆ, ಆದ್ದರಿಂದ ನೆಲ ಸಿಗದೆ ತೇಲಾಡಿದ ಹಾಗಾಗುತ್ತದೆ. ಜಗತ್ತಿನ ಅತಿ ಒಳ್ಳೆಯ ರೆಕಾರ್ಡಿಂಗ್‌ಗಳಲ್ಲಿ ಇದೂ ಒಂದು ಅಂತ ಈಗ ನಾನೂ ಹೇಳುತ್ತೇನೆ. ಮೊದಲ ವರ್ಷ ಮಾತ್ರ ಯಾರಿಗೂ ಕೊಡುವುದಿಲ್ಲ.

ಅಳತೆಗೆ ಸಿಗದ ಇಬ್ಬರು

ಮನಸೂರ ಮತ್ತು ಕುಮಾರ ಗಂಧರ್ವ, ಇಬ್ಬರೂ ನಮ್ಮ ಕಡೆಯವರೇ. ಒಬ್ಬರು ಧಾರವಾಡದ ಪಕ್ಕದ ಮನಸೂರಿನವರು, ಇನ್ನೊಬ್ಬರು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ. ಒಬ್ಬರನ್ನು ಮೆಚ್ಚಿದವರು ಇನ್ನೊಬ್ಬರನ್ನು ಮೆಚ್ಚಲೇಬೇಕು ಅಂತಿಲ್ಲ.

ಮನಸೂರರು ಜೈಪುರ ಅತ್ರೌಲಿ ಘರಾಣೆ. ಮಂಜಿ ಖಾನ್, ಭೂರ್ಜಿ ಖಾನ್ ಇಬ್ಬರ ಹತ್ತಿರ ಕಲಿತವರು. ಶಿವಮತ ಭೈರವ, ಏಕ ನಿಷಾದ ಬಿಹಾಗಡಾ ಅಂತ ಹೆಚ್ಚು ಜನ ಹಾಡದ ರಾಗಗಳು ಅವರ ಜೋಳಿಗೆಯಲ್ಲಿ. "ಅಪರೂಪದ ರಾಗ, ಹೊಸಬರಿಗೆ ಕಷ್ಟ" ಅಂತ ಜನ ಹೆದರಿಸುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಯಮನ್ನೇ ಗೊತ್ತಿಲ್ಲದವರಿಗೆ ಯಮನ್ ಆದರೇನು, ಶಿವಮತ ಭೈರವ ಆದರೇನು, ಎರಡೂ ಹೊಸದೇ ಅಲ್ವಾ? ನಿಜವಾದ ಕಷ್ಟ ಬೇರೆ. ಅವರು ಉಸಿರು ಬಿಡಲು ಜಾಗ ಕೊಡುವುದಿಲ್ಲ. ಮಾತು ಮುಗಿಯುವ ಮೊದಲೇ ಇನ್ನೊಂದು ಮಾತು ಶುರುವಾಗಿರುತ್ತದೆ. ಒಂದು ಕ್ಷಣ ಕಿವಿ ಆಚೆ ಹೋದರೆ ಕೊಂಡಿ ತಪ್ಪಿತು. ಆದರೆ ಲಯದ ಹುಚ್ಚಿರುವವರಿಗೆ ಇವರೇ ಸರಿ. ಮಧ್ಯಲಯದ ತೀನ್‌ತಾಳದಲ್ಲಿ ಹದಿನಾರು ಎಣಿಸುತ್ತಾ ಕೂತರೆ ಸಮ್‌ಗೆ ಅವರು ಬಂದು ಬೀಳುವ ರೀತಿ, ದಾಟಿಹೋಯಿತು ಅಂದುಕೊಂಡ ಬಸ್ಸು ಕಣ್ಣೆದುರೇ ನಿಂತ ಹಾಗೆ.

ಕುಮಾರರಿಗೆ ಚಿಕ್ಕ ವಯಸ್ಸಿನಲ್ಲೇ ಕ್ಷಯ ಬಂತು. 1948ರಲ್ಲಿ ಒಣಹವೆಗೆ ಅಂತ ಮಧ್ಯಪ್ರದೇಶದ ದೇವಾಸಿಗೆ ಹೋದರು. ವರ್ಷಗಟ್ಟಲೆ ಹಾಸಿಗೆ. ಆ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದು ಮಾಳವದ ಜನಪದ ಹಾಡುಗಳು. ಎದ್ದು ಮತ್ತೆ ಹಾಡಿದಾಗ ಉಸಿರು ಮೊದಲಿನ ಹಾಗಿರಲಿಲ್ಲ. ಹಾಗಾಗಿ ಚಿಕ್ಕ ಚಿಕ್ಕ ತುಂಡು, ನಡುವೆ ಮೌನ, ಥಟ್ಟನೆ ಮೇಲಿನ ಸ್ವರಕ್ಕೆ ಒಂದು ಕುಪ್ಪಳಿಕೆ. ಅವರ ಕಬೀರ ಭಜನೆಗಳಿಂದ ಶುರು ಮಾಡಿ. 'ಉಡ್ ಜಾಯೇಗಾ ಹಂಸ ಅಕೇಲಾ' ಕೆಲವೇ ನಿಮಿಷದ್ದು. ರಾಗ, ತಾಳ ಯಾವುದೂ ಗೊತ್ತಿಲ್ಲದವರನ್ನೂ ಅದು ಹಿಡಿದು ಕೂರಿಸಿದ್ದನ್ನು ಕಂಡಿದ್ದೇನೆ. ಅದು ಹಿಡಿಸಿದರೆ ಅವರ ಖಯಾಲಿಗೆ ಹೋಗಿ. ಹಿಡಿಸದಿದ್ದರೆ ಬಲವಂತ ಬೇಡ, ಕುಮಾರರನ್ನು ಒಪ್ಪದ ದೊಡ್ಡ ರಸಿಕರೂ ಬೇಕಾದಷ್ಟಿದ್ದಾರೆ.

ಎದುರಿಗೆ ಕೂತು ಕೇಳುವುದು

ಬೆಂಗಳೂರಿನಲ್ಲಿ ರಾಮನವಮಿ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಸಂಗೀತೋತ್ಸವದ ಚಪ್ಪರಕ್ಕೆ ಹೋಗಿ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ನಡೆಯುವುದುಂಟು. ಎಷ್ಟೋ ಊರಿನ ಮಠ, ಪುಣ್ಯತಿಥಿಯ ಕಾರ್ಯಕ್ರಮಗಳಿಗೆ ಟಿಕೆಟ್ಟೇ ಇರಲ್ಲ. ಎದುರಿಗೆ ಕೂತಾಗ ಒಂದು ಅನುಕೂಲ ಇದೆ. ಗಾಯಕರ ಕೈ, ತಬಲಾದವರ ಕತ್ತು, ಮುಂದಿನ ಸಾಲಿನ ಅಜ್ಜನ ತೊಡೆ ಮೇಲಿನ ಬೆರಳು, ಇವೇ ಸಮ್ ಎಲ್ಲಿದೆ ಅಂತ ಹೇಳಿಕೊಡುತ್ತವೆ. ಅದನ್ನು ಯಾವ ರೆಕಾರ್ಡಿಂಗೂ ಕಲಿಸುವುದಿಲ್ಲ.

ಕಷ್ಟವೂ ಇದೆ. ಸಮಯ ನಿಮ್ಮ ಕೈಯಲ್ಲಿರಲ್ಲ. ಮೈಕಿನ ವ್ಯವಸ್ಥೆ ಒಂದೊಂದು ಕಡೆ ಕಿವಿ ಹರಿಯುವ ಹಾಗಿರುತ್ತದೆ, ಸನ್ಮಾನ, ಭಾಷಣ ಮುಗಿಯೋಕೆ ಮುಕ್ಕಾಲು ಗಂಟೆ. ನಾನು ಮೊದಲ ಅಹೋರಾತ್ರಿ ಕಾರ್ಯಕ್ರಮಕ್ಕೆ ಹೋದಾಗ ಎರಡು ಗಂಟೆಗೆ ಗೋಡೆಗೆ ಒರಗಿ ನಿದ್ದೆ ಹೋದವನು ಎದ್ದದ್ದು ಬೆಳಗಿನ ಭೈರವಿಗೇ. ಸಂಜೆಯ ಎರಡು ಗಂಟೆಯ ಕಛೇರಿಯಿಂದ ಶುರು ಮಾಡಿ, ಬಾಗಿಲ ಹತ್ತಿರ ಕೂತುಕೊಳ್ಳಿ.

ದುಡ್ಡಿನ ಮಾತು

ಖರ್ಚಿಲ್ಲದೆ ಇಷ್ಟೂ ಕೇಳಬಹುದು. ಯೂಟ್ಯೂಬಿನಲ್ಲಿ ಮೇಲೆ ಹೇಳಿದ ಹೆಚ್ಚಿನವು ಸಿಗುತ್ತವೆ. ತೊಂದರೆ ಒಂದೇ, ಆಲಾಪ ತುಂಬಿಬರುವ ಹೊತ್ತಿಗೆ ಸರಿಯಾಗಿ ಬನಿಯನ್ ಜಾಹೀರಾತು ಬರುತ್ತದೆ. ರಾಗದ ಹೆಸರು ತಪ್ಪಾಗಿ ಬರೆದು ಹಾಕಿದವೂ ಇವೆ. ಆಕಾಶವಾಣಿ 2016ರಲ್ಲಿ ಶುರು ಮಾಡಿದ 'ರಾಗಂ' ಚಾನೆಲ್ ದಿನವಿಡೀ ಶಾಸ್ತ್ರೀಯ ಸಂಗೀತ ಕೊಡುತ್ತದೆ, ಅದಕ್ಕೂ ದುಡ್ಡು ಬೇಡ. ಆದರೆ ಅವರು ಹಾಕಿದ್ದನ್ನು ನೀವು ಕೇಳಬೇಕು. ಆರಿಸಲಾಗದವರಿಗೆ ಅದೇ ಒಂದು ಸುಖ.

ತಿಂಗಳ ಚಂದಾ ಕಟ್ಟುವ ಆಪ್ ಇದ್ದರೆ ಮೊದಲು ಶಫಲ್ ಆಫ್ ಮಾಡಿ. ಅವರು ವಿಲಂಬಿತ್ ಒಂದು ಟ್ರ್ಯಾಕ್, ದೃತ್ ಇನ್ನೊಂದು ಟ್ರ್ಯಾಕ್ ಅಂತ ತುಂಡು ಮಾಡಿರುತ್ತಾರೆ. ಶಫಲ್ ಇದ್ದರೆ ಮೊದಲು ಪಾಯಸ, ಆಮೇಲೆ ಇನ್ಯಾರದೋ ಮನೆಯ ಸಾರು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಅದನ್ನು ಒಂದು ಸಾಧಾರಣ ಇಯರ್‌ಫೋನಿಗೆ ಹಾಕಿ. ಫೋನಿನ ಸ್ಪೀಕರ್ ತಂಬೂರಿಯ ಖರ್ಜವನ್ನು, ಅಂದರೆ ಕೆಳಗಿನ 'ಸ'ವನ್ನು, ನುಂಗಿಬಿಡುತ್ತದೆ, ತಂಬೂರಿ ಇಲ್ಲದೆ ಈ ಸಂಗೀತ ಬಣ್ಣ ಬಿಟ್ಟ ಸೀರೆ. ಎಲ್.ಪಿ. ಪ್ಲೇಯರ್ ಕೊಳ್ಳುವ ಯೋಚನೆ ಇದ್ದರೆ ಒಂದು ವರ್ಷ ತಡೆಯಿರಿ. ಆ ವರ್ಷ ನೀವು ಕೇಳಿದ್ದೇ ಮೂರು ರಾಗ ಅಂತಾದರೆ ಅದರ ಹತ್ತರಲ್ಲೊಂದು ಖರ್ಚಿನಲ್ಲಿ ಕೆಲಸ ಆಗಿದೆ.

ಎಷ್ಟು ರೆಕಾರ್ಡಿಂಗ್ ಬೇಕು ಅಂತ ಕೇಳಿದರೆ, ತಿಂಗಳಿಗೆ ಒಂದು. ಹತ್ತನ್ನು ಒಂದೊಂದು ಸಲ ಕೇಳಿದರೆ ಹತ್ತೂ ಒಂದೇ ಥರ ಕೇಳುತ್ತವೆ. ಒಂದನ್ನೇ ಹತ್ತು ಸಲ ಕೇಳಿದರೆ ನಾಲ್ಕನೇ ಸಲಕ್ಕೆ ಸಮ್ ಗೊತ್ತಾಗುತ್ತದೆ, ಏಳನೇ ಸಲಕ್ಕೆ ಮುಂದಿನ ಸ್ವರ ನಿಮ್ಮ ಬಾಯಿಗೇ ಬಂದಿರುತ್ತದೆ.

ಅಕ್ಕನ ಮಗಳಿಗೆ ಮೆಟ್ರೋದಲ್ಲಿ ಒಂದು ಕಡೆಗೆ 25 ನಿಮಿಷ, ಇಯರ್‌ಫೋನ್ ಇದೆ, ಹಿಂದಿ ಅಷ್ಟಕ್ಕಷ್ಟೆ, ತಾಳ ಬೇಕು. ಈ ಸಲ ಕಿಶೋರಿ ಅವರ ಭೂಪ್ ಒಂದನ್ನೇ ಕಳಿಸಿದೆ, ಜೊತೆಗೆ ಕುಮಾರರ ಒಂದು ಭಜನೆ. ಆರು ವಾರ ಏನೂ ಸುದ್ದಿ ಇರಲಿಲ್ಲ. ಮೊನ್ನೆ ಮೆಸೇಜ್ ಬಂತು. "ಮಾಮಾ, ಆ ಕೊರಕೊರ ಅನ್ನೋದು ಯಾರದಿತ್ತು? ಮತ್ತೊಂದ್ಸಲ ಕಳಿಸು."